ಹರಿಹರದಿಂದ ಅಳಿವೆಯವರೆಗೆ: ಒಂದು ಹಗಲಿನ ಡಾಲ್ಫಿನ್ ಪ್ರಯಾಣದ ಲೆಕ್ಕ

ಹರಿಹರದ ಸೇತುವೆಯ ಕೆಳಗೆ ಹರಿಯುವ ತುಂಗಭದ್ರೆ ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ನದಿಯಾದರೂ ಪಶ್ಚಿಮದ ಕಡಲನ್ನು ಸೇರುವುದಿಲ್ಲ. ಅದು ಪೂರ್ವಕ್ಕೆ ಹರಿದು, ಕೃಷ್ಣೆಯಲ್ಲಿ ಬೆರೆತು, ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಹೀಗಾಗಿ ದಾವಣಗೆರೆ, ಹರಿಹರ ಮತ್ತು ಹದಡಿಯ ಸುತ್ತಿನ ಜನ ಡಾಲ್ಫಿನ್ ನೋಡಬೇಕೆಂದರೆ ತಮ್ಮ ನದಿಯ ಹರಿವಿಗೆ ಬೆನ್ನು ಮಾಡಿ, ಘಟ್ಟದ ನೆತ್ತಿಯನ್ನು ದಾಟಿ, ಉತ್ತರ ಕನ್ನಡದ ಕರಾವಳಿಗೆ ಇಳಿಯಬೇಕಾಗುತ್ತದೆ. ಭದ್ರಾ ನಾಲೆಯ ಗದ್ದೆಗಳ ನಡುವಿನಿಂದ ಹೊರಟು, ಒಂದೇ ಹಗಲಿನಲ್ಲಿ ಆ ಪ್ರಾಣಿಯನ್ನು ಕಂಡು ಮರಳುವುದು ಸಾಧ್ಯವಿದೆ. ಆದರೆ ಆ ಹಗಲಿನ ವೇಳಾಪಟ್ಟಿಯನ್ನು ಪ್ರವಾಸಿಗರ ಅನುಕೂಲಕ್ಕಿಂತ ಹೆಚ್ಚಾಗಿ ಕಡಲಿನ ಭರತ, ಇಳಿತ ಮತ್ತು ಗಾಳಿಯೇ ನಿರ್ಧರಿಸುತ್ತವೆ ಎಂಬುದನ್ನು ಒಪ್ಪಿಕೊಂಡು ಹೊರಟವರಿಗೆ ಮಾತ್ರ ಈ ಪ್ರಯಾಣ ಫಲ ಕೊಡುತ್ತದೆ.

ನದಿಯಲ್ಲಿಯೇ ಬದುಕುವ ಡಾಲ್ಫಿನ್‌ಗಳು ಭಾರತದಲ್ಲಿಲ್ಲವೆಂದಲ್ಲ. 2009ರಲ್ಲಿ ರಾಷ್ಟ್ರೀಯ ಜಲಚರ ಪ್ರಾಣಿಯೆಂದು ಮಾನ್ಯವಾದ ಗಂಗಾ ಡಾಲ್ಫಿನ್ ಉತ್ತರ ಭಾರತದ ಸಿಹಿನೀರಿನ ಜೀವಿಯಾಗಿದ್ದು, ಎಂಟು ರಾಜ್ಯಗಳ 28 ನದಿಗಳಲ್ಲಿ ನಡೆದ ಮೊದಲ ಸಮಗ್ರ ಗಣತಿಯ ವರದಿ 2025ರ ಮಾರ್ಚ್‌ನಲ್ಲಿ ಹೊರಬಂದಾಗ ನದಿ ಡಾಲ್ಫಿನ್‌ಗಳ ಒಟ್ಟು ಸಂಖ್ಯೆ 6,327 ಎಂದು ಅಂದಾಜಿಸಲಾಯಿತು. ಇವುಗಳಲ್ಲಿ ಬಹುತೇಕ ಎಲ್ಲವೂ ಗಂಗೆ ಮತ್ತು ಬ್ರಹ್ಮಪುತ್ರೆಯ ಜಲಾನಯನದವು. ಪಂಜಾಬಿನ ಬಿಯಾಸ್ ನದಿಯಲ್ಲಿ ಮಾತ್ರ ಸಿಂಧೂ ಡಾಲ್ಫಿನ್‌ಗಳು ಮೂರು ಕಂಡುಬಂದವು. ದಕ್ಷಿಣದ ನದಿಗಳಲ್ಲಿ ಇಂಥ ಡಾಲ್ಫಿನ್‌ಗಳಿಲ್ಲ. ತುಂಗಭದ್ರೆಯಲ್ಲಿ ಮೀನು ಹಿಡಿದು ಬದುಕುವ ಸಸ್ತನಿಯೆಂದರೆ ನೀರುನಾಯಿ. ಹರಿಹರದಿಂದ ಕೆಳಹರಿವಿನಲ್ಲಿ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದೀಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಊರಿನ ನದಿಗೆ ಸೇರಿದ ಆ ಪ್ರಾಣಿಯೂ ಒಂದು ಪ್ರತ್ಯೇಕ ಪ್ರಯಾಣಕ್ಕೆ ಅರ್ಹವಾದದ್ದೇ.

ಕರ್ನಾಟಕದ ದಡದ ಹತ್ತಿರ ಕಾಣಸಿಗುವ ಡಾಲ್ಫಿನ್ ಬೇರೆಯದು. ಬೆನ್ನಿನ ನಡುವೆ ಉದ್ದನೆಯ ಉಬ್ಬು, ಅದರ ಮೇಲೆ ಚಿಕ್ಕ ಈಜುರೆಕ್ಕೆ ಇರುವುದರಿಂದ ಇದನ್ನು ಗೂನುಬೆನ್ನಿನ ಡಾಲ್ಫಿನ್ ಎಂದು ಕರೆಯಬಹುದು. ಇದರ ವೈಜ್ಞಾನಿಕ ಹೆಸರು ಸೌಸಾ ಪ್ಲಂಬಿಯಾ. ಮೈಬಣ್ಣ ಸೀಸದ ಬೂದು, ಮೂತಿ ಸಪೂರ ಮತ್ತು ನೀಳ, ಬೆಳೆದ ಪ್ರಾಣಿಯ ಉದ್ದ ಸುಮಾರು ಎರಡೂವರೆ ಮೀಟರ್, ತೂಕ ಇನ್ನೂರು ಕಿಲೋಗ್ರಾಂಗೂ ಹೆಚ್ಚು. ದಕ್ಷಿಣ ಆಫ್ರಿಕಾದಿಂದ ಅರಬ್ಬೀ ಸಮುದ್ರದ ಅಂಚಿಗುಂಟ ಭಾರತದವರೆಗೆ ಹರಡಿರುವ ಈ ಜೀವಿಯನ್ನು ಆಗ್ನೇಯ ಏಷ್ಯದ ತನ್ನ ಬಂಧುಗಳಿಂದ ಪ್ರತ್ಯೇಕ ಪ್ರಭೇದವೆಂದು ವಿಜ್ಞಾನಿಗಳು ಸ್ಪಷ್ಟವಾಗಿ ಗುರುತಿಸಿದ್ದು 2014ರಲ್ಲಿ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ‘ಅಪಾಯದಂಚಿನಲ್ಲಿರುವ’ ಪ್ರಭೇದಗಳ ಪಟ್ಟಿಗೆ, ಅಂದರೆ ಹುಲಿಯನ್ನು ಇರಿಸಿರುವ ವರ್ಗಕ್ಕೇ, ಸೇರಿಸಿದೆ. ದಾವಣಗೆರೆಯ ಓದುಗರು ಭದ್ರಾ ಅಭಯಾರಣ್ಯಕ್ಕೆ ಹೋಗುವಾಗ ತೋರುವ ಎಚ್ಚರ ಮತ್ತು ಗೌರವವನ್ನೇ ಕಡಲತೀರದಲ್ಲೂ ತೋರಬೇಕೆಂದು ಹೇಳಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಗೂನುಬೆನ್ನಿನ ಡಾಲ್ಫಿನ್ ದಡವನ್ನು ಬಿಟ್ಟು ದೂರ ಹೋಗುವುದು ಅಪರೂಪ. ಸಾಮಾನ್ಯವಾಗಿ ಇಪ್ಪತ್ತೈದು ಮೀಟರಿಗಿಂತ ಕಡಿಮೆ ಆಳದ ನೀರಿನಲ್ಲಿ, ಅದರಲ್ಲಿಯೂ ನದಿ ಕಡಲನ್ನು ಸೇರುವ ಅಳಿವೆಗಳ ಬಾಯಿಯಲ್ಲಿ ಅದು ಬೇಟೆಯಾಡುತ್ತದೆ. ನದಿಯು ಕಾಡಿನಿಂದ ತಂದ ಎಲೆಗೊಬ್ಬರ ಮತ್ತು ಮೆಕ್ಕಲುಮಣ್ಣು ಉಪ್ಪುನೀರಿನೊಡನೆ ಕಲೆಯುವ ಜಾಗದಲ್ಲಿ ಸೂಕ್ಷ್ಮ ಸಸ್ಯ ಮತ್ತು ಪ್ರಾಣಿಗಳು ಹೇರಳವಾಗಿ ಬೆಳೆಯುತ್ತವೆ, ಅವನ್ನು ತಿನ್ನಲು ಮೀನಿನ ಮರಿಗಳು ನೆರೆಯುತ್ತವೆ, ಆ ಮೀನುಗಳ ಹಿಂದೆ ಡಾಲ್ಫಿನ್ ಬರುತ್ತದೆ. ಉತ್ತರ ಕನ್ನಡ ಜಿಲ್ಲೆಯೊಂದರಲ್ಲೇ ದಕ್ಷಿಣದಿಂದ ಉತ್ತರಕ್ಕೆ ಶರಾವತಿ, ಅಘನಾಶಿನಿ, ಗಂಗಾವಳಿ ಮತ್ತು ಕಾಳಿ ಎಂಬ ನಾಲ್ಕು ದೊಡ್ಡ ಅಳಿವೆಗಳು ಹೊನ್ನಾವರದಿಂದ ಕಾರವಾರದವರೆಗಿನ ಕಿರಿದಾದ ದಡದಲ್ಲಿ ಸಾಲುಗೂಡಿವೆ. ಶರಾವತಿಗೆ ಲಿಂಗನಮಕ್ಕಿ, ಕಾಳಿಗೆ ಸೂಪಾ ಅಣೆಕಟ್ಟುಗಳು ಬಂದಿದ್ದರೆ, ಸುಮಾರು 120 ಕಿಲೋಮೀಟರ್ ಹರಿಯುವ ಅಘನಾಶಿನಿ ಇಂದಿಗೂ ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಕಡಲನ್ನು ಮುಟ್ಟುತ್ತದೆ. ಅದರ ಅಳಿವೆ 2024ರ ಆರಂಭದಲ್ಲಿ ರಾಮ್ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ, ಪಟ್ಟಿಗೆ ಸೇರಿತು. ಅದೇ ಸಂದರ್ಭದಲ್ಲಿ ದಾವಣಗೆರೆಗೆ ನೆರೆಯ ವಿಜಯನಗರ ಜಿಲ್ಲೆಯ ಅಂಕಸಮುದ್ರ ಪಕ್ಷಿಧಾಮವೂ ಆ ಪಟ್ಟಿಗೆ ಸೇರಿದ್ದು ಈ ಭಾಗದವರು ನೆನಪಿಡಬೇಕಾದ ಸಂಗತಿ.

ಡಾಲ್ಫಿನ್ ನೋಡುವ ಹೆಸರುವಾಸಿ ಸ್ಥಳ ಕಾರವಾರ. ಕೋಡಿಬಾಗ ಮತ್ತು ದೇವಬಾಗದ ನಡುವೆ ಕಾಳಿ ನದಿ ಕಡಲನ್ನು ಸೇರುವಲ್ಲಿಂದ ಕೂರ್ಮಗಡ ದ್ವೀಪದ ಕಡೆಗೆ ದೋಣಿಗಳು ಹೋಗುತ್ತವೆ. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಇರುವುದೂ ಕೋಡಿಬಾಗದಲ್ಲಿಯೇ. ಕಾರವಾರದ ದಕ್ಷಿಣಕ್ಕೆ ನೌಕಾಪಡೆಯ ಸೀಬರ್ಡ್ ನೆಲೆಯಿರುವುದರಿಂದ ಆ ಕಡೆಯ ನೀರಿಗೆ ಖಾಸಗಿ ದೋಣಿಗಳಿಗೆ ಪ್ರವೇಶವಿಲ್ಲ, ಛಾಯಾಚಿತ್ರ ತೆಗೆಯುವುದಕ್ಕೂ ನಿರ್ಬಂಧವಿದೆ. ಆದರೆ ದಾವಣಗೆರೆಯಿಂದ ಒಂದು ಹಗಲಿನ ಲೆಕ್ಕಕ್ಕೆ ಕಾರವಾರ ತುಸು ದೂರವೇ ಆಗುತ್ತದೆ: ಹಾವೇರಿ, ಶಿರಸಿ, ಕುಮಟಾ ಮಾರ್ಗವಾಗಿ ಅದು 280 ಕಿಲೋಮೀಟರಿನ ಆಸುಪಾಸು. ಅದೇ ಮಾರ್ಗದಲ್ಲಿ ಕುಮಟಾದಿಂದ ತಿರುಗಿದರೆ ಗೋಕರ್ಣವೂ, ಅಘನಾಶಿನಿಯ ಅಳಿವೆಯ ಮೇಲಿರುವ ತದಡಿ ಬಂದರೂ ಸುಮಾರು 240 ಕಿಲೋಮೀಟರಿನೊಳಗೆ ಸಿಗುತ್ತವೆ. ಗೋಕರ್ಣದ ಓಂ ಮತ್ತು ಕುಡ್ಲೆ ಕಡಲತೀರಗಳಿಂದ ಡಾಲ್ಫಿನ್ ತೋರಿಸುವ ದೋಣಿಗಳಿವೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ದೋಣಿಗಳ ದಾರಿಯಲ್ಲೂ, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪದ ದಾರಿಯಲ್ಲೂ ಡಾಲ್ಫಿನ್ ಕಾಣುವುದುಂಟಾದರೂ, ಮೊದಲನೆಯದು ಮುಖ್ಯವಾಗಿ ಮುಳುಗುಗಾರರ ಪ್ರಯಾಣ, ಎರಡನೆಯದು ಮುಖ್ಯವಾಗಿ ಬಂಡೆ ನೋಡುವವರ ಪ್ರಯಾಣ. ಡಾಲ್ಫಿನ್ ಒಂದನ್ನೇ ಮನಸ್ಸಿನಲ್ಲಿಟ್ಟುಕೊಂಡು ದಾವಣಗೆರೆಯಿಂದ ಹೊರಡುವವರಿಗೆ ಅಘನಾಶಿನಿ ಮತ್ತು ಗೋಕರ್ಣದ ನಡುವಿನ ತೀರವೇ ಸರಿಯಾದ ಆಯ್ಕೆ.

ಈ ಪ್ರಯಾಣದಲ್ಲಿ ರೈಲು ನೆರವಾಗುವುದಿಲ್ಲ. ದಾವಣಗೆರೆ ಮತ್ತು ಹರಿಹರ ನಿಲ್ದಾಣಗಳು ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿವೆ, 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗ ಕಡಲ ದಂಡೆಗುಂಟ ಓಡುತ್ತದೆ, ಇವೆರಡನ್ನು ಘಟ್ಟದ ಮೂಲಕ ಜೋಡಿಸಬೇಕಿದ್ದ ಹುಬ್ಬಳ್ಳಿ–ಅಂಕೋಲಾ ಮಾರ್ಗ ಕಾಡಿನ ನಾಶದ ಪ್ರಶ್ನೆಯಿಂದಾಗಿ ದಶಕಗಳಿಂದ ಚರ್ಚೆಯಲ್ಲೇ ಉಳಿದಿದೆ. ಆದ್ದರಿಂದ ರಸ್ತೆಯೇ ಗತಿ. ಸಾರಿಗೆ ಬಸ್ಸಿನಲ್ಲಿ ಹೋಗುವವರು ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ಬಸ್ಸು ಬದಲಿಸಲು ಸಿದ್ಧರಿರಬೇಕು.

ಕಷ್ಟವಿರುವುದು ದೂರದಲ್ಲಲ್ಲ, ಹೊತ್ತಿನಲ್ಲಿ. ಕಡಲು ಅತ್ಯಂತ ಶಾಂತವಾಗಿರುವುದು ಬೆಳಗಿನ ಹೊತ್ತಿನಲ್ಲಿ. ಬಿಸಿಲೇರಿದಂತೆ ನೆಲ ನೀರಿಗಿಂತ ಬೇಗ ಕಾಯ್ದು, ನೆಲದ ಮೇಲಿನ ಬಿಸಿಗಾಳಿ ಮೇಲೇರಿ, ಆ ಜಾಗವನ್ನು ತುಂಬಲು ಕಡಲಿನ ಕಡೆಯಿಂದ ಗಾಳಿ ಬೀಸತೊಡಗುತ್ತದೆ, ಮಧ್ಯಾಹ್ನದ ಹೊತ್ತಿಗೆ ನೀರಿನ ಮೈಯೆಲ್ಲ ಅಲೆಗಳ ಬಿಳಿ ನೊರೆಯಿಂದ ತುಂಬುತ್ತದೆ. ಕ್ಷಣಮಾತ್ರ ಮೇಲೆದ್ದು ಮುಳುಗುವ ಬೂದುಬಣ್ಣದ ಬೆನ್ನನ್ನು ಅಂಥ ನೀರಿನಲ್ಲಿ ಗುರುತಿಸುವುದು ಅನುಭವಿ ಮೀನುಗಾರರಿಗೂ ಕಷ್ಟ. ಹೀಗಾಗಿ ಬೆಳಿಗ್ಗೆ ಏಳು ಗಂಟೆಗೆಲ್ಲ ದೋಣಿ ಹತ್ತಿರಬೇಕು. ದಾವಣಗೆರೆಯಿಂದ ಗೋಕರ್ಣದವರೆಗೆ ಐದರಿಂದ ಆರು ಗಂಟೆಯ ಪ್ರಯಾಣವಿರುವುದರಿಂದ ಅದಕ್ಕಾಗಿ ನಡುರಾತ್ರಿ ಒಂದು ಗಂಟೆಗೆ ಹೊರಡಬೇಕಾಗುತ್ತದೆ, ಘಟ್ಟದ ತಿರುವುಗಳನ್ನು ನಿದ್ದೆಗೆಟ್ಟ ಚಾಲಕ ನಸುಕಿನಲ್ಲಿ ಇಳಿಯಬೇಕಾಗುತ್ತದೆ, ಅದೇ ಚಾಲಕ ಅದೇ ಸಂಜೆ ಮತ್ತೆ ಹತ್ತಬೇಕಾಗುತ್ತದೆ. ಬೆಳಿಗ್ಗೆ ಬೆಣ್ಣೆದೋಸೆ ತಿಂದು ಆರಾಮವಾಗಿ ಹೊರಟರೆ ಕಡಲು ಸಿಗುವ ಹೊತ್ತಿಗೆ ಗಾಳಿ ಎದ್ದಿರುತ್ತದೆ. ಈ ಎರಡರಲ್ಲಿ ಯಾವುದನ್ನೂ ಯಾರಿಗೂ ಶಿಫಾರಸು ಮಾಡುವಂತಿಲ್ಲ.

ಮೂರನೆಯ ದಾರಿಯೊಂದಿದೆ, ಅದು ಶಿರಸಿ. ದಾವಣಗೆರೆಯಿಂದ ಸುಮಾರು 150 ಕಿಲೋಮೀಟರ್ ದೂರದಲ್ಲಿ, ಘಟ್ಟದ ಮೇಲೆ ಇರುವ ಆ ಪಟ್ಟಣವನ್ನು ಹಿಂದಿನ ಸಂಜೆ ಕೆಲಸ ಮುಗಿಸಿ ಹೊರಟವರು ಊಟದ ಹೊತ್ತಿಗೆ ತಲುಪಬಹುದು. ಅಲ್ಲಿ ಮಲಗಿ ನಸುಕಿನ ಐದಕ್ಕೆ ಹೊರಟರೆ, ದೇವಿಮನೆ ಘಟ್ಟವನ್ನು ಬೆಳಕು ಹರಿಯುವ ಹೊತ್ತಿಗೆ ಇಳಿದು, ಏಳರ ಸುಮಾರಿಗೆ ಅಳಿವೆಯನ್ನು ಮುಟ್ಟಬಹುದು. ಹೊತ್ತು ಏರುವ ಮುಂಚೆ ದೋಣಿಯ ಕೆಲಸ ಮುಗಿಯುವುದರಿಂದ ಮಧ್ಯಾಹ್ನದ ಊಟ ಮಾಡಿ ಹೊರಟವರು ರಾತ್ರಿಯ ಹೊತ್ತಿಗೆ ಹರಿಹರದ ಸೇತುವೆಯನ್ನು ದಾಟಿರುತ್ತಾರೆ. ಪ್ರಯಾಣ ಒಂದು ಹಗಲಿನದೇ ಆಗಿ ಉಳಿಯುತ್ತದೆ, ಒಂದು ರಾತ್ರಿಯ ನಿದ್ದೆಯೂ ಉಳಿಯುತ್ತದೆ. ಶಿರಸಿ–ಕುಮಟಾ ರಸ್ತೆಯನ್ನು ಅಗಲೀಕರಣದ ಕಾಮಗಾರಿಗಾಗಿ ಮುಚ್ಚಿದ ಕಾಲಗಳಿದ್ದುದರಿಂದ, ಹೊರಡುವ ಮುನ್ನ ದಾರಿ ತೆರೆದಿದೆಯೆಂದು ವಿಚಾರಿಸಿಕೊಳ್ಳುವುದು ಅಗತ್ಯ. ಮುಚ್ಚಿದ್ದರೆ ಶಿವಮೊಗ್ಗ, ಸಾಗರ, ಜೋಗದ ಮೂಲಕ ಹೊನ್ನಾವರಕ್ಕೆ ಇಳಿಯುವ ದಾರಿಯಿದೆ.

ದಿನವನ್ನು ಆರಿಸುವಾಗ ಪಂಚಾಂಗವನ್ನೂ ನೋಡಬೇಕು ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಕಡಲಿನ ನೀರು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ; ಏರುವುದನ್ನು ಭರತ, ಇಳಿಯುವುದನ್ನು ಇಳಿತ ಎನ್ನುತ್ತಾರೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರ, ಭೂಮಿ ಸರಿಸುಮಾರು ಒಂದೇ ಸಾಲಿನಲ್ಲಿ ನಿಲ್ಲುವುದರಿಂದ ಏರಿಳಿತ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಚಂದ್ರ ದಿನದಿನಕ್ಕೂ ತಡವಾಗಿ ಮೂಡುವಂತೆ ಭರತವೂ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಈ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಂದು ನೀರು ತುಂಬಿ ನಿಲ್ಲುವುದು ಸರಿಸುಮಾರು ನಡುಹಗಲಿನ ಹತ್ತಿರವಾದ್ದರಿಂದ, ಆ ದಿನಗಳ ಬೆಳಗಿನ ಹೊತ್ತೆಲ್ಲ ನೀರು ಏರುತ್ತಿರುತ್ತದೆ. ಅಷ್ಟಮಿಯ ಬೆಳಿಗ್ಗೆಯಾದರೆ ಅದು ಇಳಿಯುತ್ತಿರುತ್ತದೆ. ಏರುವ ನೀರಿನೊಡನೆ ಮೀನು ಅಳಿವೆಯ ಒಳಕ್ಕೆ ಬರುತ್ತದೆ, ಗೂನುಬೆನ್ನಿನ ಡಾಲ್ಫಿನ್‌ಗಳೂ ಭರತದ ಜೊತೆ ಒಳಸರಿದು ಬೇಟೆಯಾಡುವುದನ್ನು ಹಲವು ದೇಶಗಳ ಅಳಿವೆಗಳಲ್ಲಿ ಗಮನಿಸಲಾಗಿದೆ. ಸುರಕ್ಷತೆಯ ದೃಷ್ಟಿಯಿಂದಲೂ ಇದೇ ಮೇಲು: ಇಳಿತದ ಹೊತ್ತಿನಲ್ಲಿ ನದಿಯ ನೀರು ರಭಸದಿಂದ ಹೊರನುಗ್ಗಿ ಕಡಲಿನ ಅಲೆಗೆ ಎದುರಾಗುವಾಗ ಅಳಿವೆಯ ಬಾಯಿಯ ಮರಳುದಿಬ್ಬದ ಮೇಲೆ ಅಲೆಗಳು ಕಡಿದಾಗಿ ಮುರಿಯುತ್ತವೆ, ದೋಣಿಗಳು ತೊಂದರೆಗೆ ಸಿಕ್ಕುವುದು ಬಹಳ ಮಟ್ಟಿಗೆ ಅಲ್ಲಿಯೇ. ಹೀಗೆ ಶಾಂತವಾದ ಬೆಳಗೂ ಏರುವ ನೀರೂ ಒಂದೇ ಹೊತ್ತಿನಲ್ಲಿ ಒದಗುವುದು ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ದಿನಗಳಲ್ಲಿ. ಪಂಚಾಂಗದ ಅಂದಾಜನ್ನು ಆಯಾ ಬಂದರಿನ ಭರತದ ಪಟ್ಟಿಯೊಡನೆ ಹೋಲಿಸಿ ಖಚಿತಪಡಿಸಿಕೊಳ್ಳಬೇಕು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ ಅಲೆಗಳ ಎತ್ತರದ ಮುನ್ಸೂಚನೆಯನ್ನೂ ಎಚ್ಚರಿಕೆಗಳನ್ನೂ ಪ್ರತಿದಿನ ಪ್ರಕಟಿಸುತ್ತದೆ.

ವರ್ಷದ ಲೆಕ್ಕ ಇದಕ್ಕಿಂತ ಸುಲಭ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಾಜ್ಯದಲ್ಲಿ ನಿಷೇಧವಿದ್ದು, ಮಳೆಗಾಲದುದ್ದಕ್ಕೂ ಪ್ರವಾಸಿ ದೋಣಿಗಳೂ ದಡ ಸೇರಿರುತ್ತವೆ. ಘಟ್ಟದ ಕೆಳಗಿನ ರಸ್ತೆಗಳೂ ಆಗ ನಂಬಿಕೆಗೆ ಅರ್ಹವಲ್ಲ; 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಪ್ರಾಣ ಕಳೆದುಕೊಂಡರು, ಅದೇ ವರ್ಷದ ಆಗಸ್ಟ್‌ನಲ್ಲಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ನವೆಂಬರಿನಿಂದ ಫೆಬ್ರುವರಿಯವರೆಗಿನ ಚಳಿಗಾಲವೇ ಎಲ್ಲ ದೃಷ್ಟಿಯಿಂದಲೂ ಒಳ್ಳೆಯ ಕಾಲ.

ದೋಣಿಯ ವಿಷಯದಲ್ಲಿ ಬಯಲುಸೀಮೆಯವರು ವಿಶೇಷ ಎಚ್ಚರ ವಹಿಸಬೇಕೆಂದು ಹೇಳುವುದಕ್ಕೆ ನೋವಿನ ಕಾರಣವೊಂದಿದೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ ಹದಿನಾರು ಮಂದಿ ಸತ್ತರು. ಅವರಲ್ಲಿ ದಾವಣಗೆರೆಗೆ ನೆರೆಯಾದ ಹಾವೇರಿ ಜಿಲ್ಲೆಯವರೂ ಇದ್ದರು. ಕೆರೆ, ನಾಲೆ, ತುಂಗಭದ್ರೆಯಲ್ಲಿ ಈಜಿದ ಅಭ್ಯಾಸ ಕಡಲಿನಲ್ಲಿ ನೆರವಿಗೆ ಬರುವುದಿಲ್ಲ. ಆದ್ದರಿಂದ ಪರವಾನಗಿ ಇರುವ ದೋಣಿಯನ್ನೇ ಆರಿಸಬೇಕು, ಪ್ರತಿಯೊಬ್ಬರ ಅಳತೆಗೂ ಸರಿಹೊಂದುವ ಜೀವರಕ್ಷಕ ಅಂಗಿಯನ್ನು, ಮಕ್ಕಳಿಗೆ ಮಕ್ಕಳದನ್ನೇ, ದಡದಲ್ಲಿಯೇ ತೊಟ್ಟು ಕಟ್ಟಿಕೊಳ್ಳಬೇಕು, ಮಿತಿಗಿಂತ ಒಬ್ಬರು ಹೆಚ್ಚು ಹತ್ತಿದರೂ ಆ ದೋಣಿಯಿಂದ ಇಳಿದುಬಿಡಬೇಕು. ಅಲೆ ಹೆಚ್ಚಿದೆ, ಇಂದು ಬೇಡ ಎಂದು ಮೀನುಗಾರನೊಬ್ಬ ಹೇಳಿದರೆ ಅದು ಆ ದಿನದ ಅಂತಿಮ ತೀರ್ಮಾನವಾಗಬೇಕು. ಅಷ್ಟು ದೂರದಿಂದ ಬಂದಿದ್ದೇವೆಂಬ ಒತ್ತಾಯಕ್ಕೆ ಕಡಲಿನ ಮುಂದೆ ಬೆಲೆಯಿಲ್ಲ.

ನೀರಿನ ಮೇಲೆ ಹೋದ ನಂತರ ಬೇಕಾಗುವುದು ತಾಳ್ಮೆ. ಡಾಲ್ಫಿನ್ ಮೀನಲ್ಲ, ಮರಿಗೆ ಹಾಲೂಡುವ, ಶ್ವಾಸಕೋಶದಿಂದ ಉಸಿರಾಡುವ ಸಸ್ತನಿ. ತಲೆಯ ಮೇಲಿರುವ ಉಸಿರುರಂಧ್ರವನ್ನು ತೆರೆದು ಗಾಳಿ ಎಳೆದುಕೊಳ್ಳಲು ಅದು ಮೇಲೆ ಬರಲೇಬೇಕು, ಉಸಿರಾಟ ಅದಕ್ಕೆ ಪ್ರಜ್ಞಾಪೂರ್ವಕ ಕ್ರಿಯೆಯಾದ್ದರಿಂದ ಮಿದುಳಿನ ಒಂದು ಅರ್ಧವನ್ನು ಎಚ್ಚರವಾಗಿಟ್ಟುಕೊಂಡೇ ಇನ್ನೊಂದು ಅರ್ಧ ನಿದ್ರಿಸುತ್ತದೆ. ಚಲನಚಿತ್ರಗಳಲ್ಲಿ ಕಾಣುವ ಎತ್ತರದ ಜಿಗಿತವನ್ನು ಗೂನುಬೆನ್ನಿನ ಡಾಲ್ಫಿನ್‌ನಿಂದ ನಿರೀಕ್ಷಿಸಿದವರು ನಿರಾಶರಾಗುತ್ತಾರೆ. ಅದು ಸಾಮಾನ್ಯವಾಗಿ ಮೊದಲು ಮೂತಿಯನ್ನು, ಆಮೇಲೆ ಉಬ್ಬಿದ ಬೆನ್ನನ್ನು ತೋರಿಸಿ, ಬಾಗಿ, ಸದ್ದಿಲ್ಲದೆ ಮುಳುಗಿ, ಕೆಲವು ನಿಮಿಷಗಳ ನಂತರ ಇನ್ನೊಂದು ಕಡೆ ಏಳುತ್ತದೆ. ಮೀನಿಗೆ ಎರಗುವ ಕಡಲಹಕ್ಕಿಗಳ ಗುಂಪು ಎಲ್ಲಿದೆಯೆಂದು ನೋಡಿ, ಎಂಜಿನ್ ನಿಲ್ಲಿಸಿ, ಸುಮ್ಮನೆ ಕಾದವರಿಗೆ ‘ಫುಸ್’ ಎಂಬ ಉಸಿರಿನ ಸದ್ದು ಕಣ್ಣಿಗಿಂತ ಮೊದಲು ಕಿವಿಗೆ ಸಿಗುವುದುಂಟು.

ಎಂಜಿನ್ ನಿಲ್ಲಿಸಬೇಕೆಂಬುದು ಕೇವಲ ಸೌಜನ್ಯದ ಮಾತಲ್ಲ. ಅಳಿವೆಯ ಕಲಕು ನೀರಿನಲ್ಲಿ ಕಣ್ಣು ಹೆಚ್ಚು ದೂರ ಕಾಣುವುದಿಲ್ಲವಾದ್ದರಿಂದ ಡಾಲ್ಫಿನ್ ಸದ್ದಿನಿಂದಲೇ ದಾರಿಯನ್ನೂ ಆಹಾರವನ್ನೂ ಹುಡುಕುತ್ತದೆ: ಹಣೆಯ ಕೊಬ್ಬಿನ ಭಾಗದ ಮೂಲಕ ಚಿಟಚಿಟನೆಯ ಸೂಕ್ಷ್ಮ ಸದ್ದುಗಳನ್ನು ಮುಂದಕ್ಕೆ ಕಳಿಸಿ, ಬಂಗುಡೆಗೋ ತಾರ್ಲೆಗೋ ಬಡಿದು ಮರಳಿದ ಪ್ರತಿಧ್ವನಿಯನ್ನು ಕೆಳದವಡೆಯ ಮೂಲಕ ಒಳಗಿವಿಗೆ ಪಡೆದು, ಎದುರಿನ ವಸ್ತುವಿನ ದೂರ ಮತ್ತು ಆಕಾರವನ್ನು ಅರಿಯುತ್ತದೆ. ತಾಯಿ ಮತ್ತು ಮರಿ ಪರಸ್ಪರ ಸಂಪರ್ಕ ಇಟ್ಟುಕೊಳ್ಳುವುದೂ ಸದ್ದಿನಿಂದಲೇ. ನಾಲ್ಕೈದು ದೋಣಿಗಳು ಎಂಜಿನ್ ಮೊರೆಸುತ್ತ ಒಂದೇ ಗುಂಪನ್ನು ಸುತ್ತುವರಿದಾಗ ಆ ಪ್ರಾಣಿಗಳಿಗೆ ಆಗುವುದು ಜನಜಂಗುಳಿಯ ಜಾತ್ರೆಯಲ್ಲಿ ಕಣ್ಣು ಕಟ್ಟಿ ಬಿಟ್ಟ ಮಗುವಿನ ಸ್ಥಿತಿ. ಬೇಟೆ ತಪ್ಪುತ್ತದೆ, ವಿಶ್ರಾಂತಿ ತಪ್ಪುತ್ತದೆ, ಮರಿ ಹಿಂದುಳಿಯುತ್ತದೆ. ಹೆಣ್ಣು ಡಾಲ್ಫಿನ್ ಹಲವು ವರ್ಷಗಳಿಗೊಮ್ಮೆ ಒಂದೇ ಮರಿ ಹಾಕುವ ಪ್ರಾಣಿಯಾದ್ದರಿಂದ ಒಂದು ಮರಿಯ ನಷ್ಟವೂ ಸಣ್ಣದಲ್ಲ.

ಹಲವು ದೇಶಗಳಲ್ಲಿ ಡಾಲ್ಫಿನ್‌ನಿಂದ ಸುಮಾರು 50 ಮೀಟರ್ ದೂರ ಕಾಯ್ದುಕೊಳ್ಳಬೇಕೆಂಬ ನಿಯಮವೋ ಸೂಚನೆಯೋ ಇದೆ. ದೋಣಿ ಅವುಗಳಿಗೆ ಅಡ್ಡ ಹೋಗದೆ, ಹಿಂದಿನಿಂದ ಅಟ್ಟದೆ, ಪಕ್ಕದಲ್ಲಿ ನಿಧಾನವಾಗಿ ಸಾಗಬೇಕು ಅಥವಾ ನಿಲ್ಲಬೇಕು. ಡಾಲ್ಫಿನ್ ತಾನಾಗಿ ಹತ್ತಿರ ಬಂದರೆ ಅದು ಅದರ ಇಷ್ಟ. ತೋರಿಸದಿದ್ದರೆ ಹಣವಿಲ್ಲ ಎಂಬ ಷರತ್ತು ಹಾಕುವ ಪ್ರವಾಸಿಗರೇ ದೋಣಿಯವರನ್ನು ಅಟ್ಟುವಿಕೆಗೆ ದೂಡುತ್ತಾರೆ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ದೋಣಿ ಹತ್ತುವ ಮೊದಲೇ, ಕಂಡರೂ ಕಾಣದಿದ್ದರೂ ಪೂರ್ತಿ ಬಾಡಿಗೆ ಕೊಡುತ್ತೇವೆ, ಹತ್ತಿರ ಹೋಗುವುದು ಬೇಡ ಎಂದು ಹೇಳುವ ಒಂದು ಕುಟುಂಬದಿಂದ ಎಷ್ಟೋ ಸೂಚನಾಫಲಕಗಳಿಗಿಂತ ಹೆಚ್ಚಿನ ಉಪಕಾರವಾಗುತ್ತದೆ. ಮಂಡಕ್ಕಿಯ ಪ್ಲಾಸ್ಟಿಕ್ ಚೀಲವಾಗಲಿ ನೀರಿನ ಬಾಟಲಿಯಾಗಲಿ ಕಡಲಿಗೆ ಬೀಳಬಾರದೆಂಬುದನ್ನು ಬೇರೆ ಹೇಳಬೇಕಿಲ್ಲ.

ಡಾಲ್ಫಿನ್ ಕಾಣದ ಬೆಳಗುಗಳೂ ಇರುತ್ತವೆ. ಆದರೂ ಅಘನಾಶಿನಿಯ ದಡದಲ್ಲಿ ಆ ದಿನ ವ್ಯರ್ಥವಾಗುವುದಿಲ್ಲ: ಇಳಿತದಲ್ಲಿ ಬಯಲಾಗುವ ಕೆಸರುದಿಬ್ಬಗಳಿಂದ ಸ್ಥಳೀಯರು ಚಿಪ್ಪಿಕಲ್ಲು ಆಯುತ್ತಾರೆ, ಕಾಂಡ್ಲಾ ಮರಗಳ ಬೇರುಗಳ ನಡುವೆ ಮೀನಿನ ಮರಿಗಳು ಬೆಳೆಯುತ್ತವೆ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಬೆಳೆಯುವ ಗಜನಿ ಗದ್ದೆಗಳು ಅಲ್ಲಿವೆ. ಭತ್ತದ ನಾಡಾದ ದಾವಣಗೆರೆಯಿಂದ ಹೋದ ರೈತನಿಗೆ, ಉಪ್ಪುನೀರು ನುಗ್ಗುವ ಗದ್ದೆಯಲ್ಲಿ ತೆನೆ ತೂಗುವುದನ್ನು ಅರಿಯುವುದು ಡಾಲ್ಫಿನ್ ನೋಡಿದಷ್ಟೇ ದೊಡ್ಡ ಸಂಗತಿಯಾಗಬಹುದು.

ಕಡಲಿನಲ್ಲಿ ಹುಡುಕುವ ಈ ಶ್ರಮವೇಕೆ, ಕೊಳದಲ್ಲಿ ಸಾಕಿ ತೋರಿಸಬಹುದಲ್ಲವೆ ಎಂಬ ಪ್ರಶ್ನೆಗೆ ದೇಶ ಈಗಾಗಲೇ ಉತ್ತರ ಕೊಟ್ಟಿದೆ. 2013ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಡಾಲ್ಫಿನ್ ಪ್ರದರ್ಶನ ಕೇಂದ್ರಗಳ ಸ್ಥಾಪನೆಗೆ ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ಸೂಚಿಸಿತು, ಆ ನಿಲುವು ಸರಿಯಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಡಾಲ್ಫಿನ್‌ಗಳಿಗೆ ಅತ್ಯುಚ್ಚ ರಕ್ಷಣೆಯಿದ್ದು, ಅವನ್ನು ಹಿಡಿಯುವುದು, ಕೊಲ್ಲುವುದು, ಮಾಂಸ ಮಾರುವುದು ಶಿಕ್ಷಾರ್ಹ ಅಪರಾಧ. ಆದರೂ ನೀರಿನಲ್ಲಿ ಇಳಿಬಿಟ್ಟ ಮೀನುಬಲೆಗಳಿಗೆ ಆಕಸ್ಮಿಕವಾಗಿ ಸಿಕ್ಕು, ಮೇಲೆ ಬಂದು ಉಸಿರಾಡಲಾಗದೆ ಸಾಯುವ ಡಾಲ್ಫಿನ್‌ಗಳ ದೇಹಗಳು ಆಗಾಗ ದಡಕ್ಕೆ ಬರುತ್ತವೆ, ಪ್ರತಿಯೊಂದು ದೇಹವೂ ಸಾವಿನ ಕಾರಣ ತಿಳಿಯಲು ಸಂಶೋಧಕರಿಗೆ ಬೇಕಾಗುತ್ತದೆ. ದಡದಲ್ಲಿ ಜೀವಂತ ಡಾಲ್ಫಿನ್ ಸಿಕ್ಕಿಬಿದ್ದಿದ್ದರೆ ಅದರ ಉಸಿರುರಂಧ್ರಕ್ಕೆ ನೀರು ಮತ್ತು ಮರಳು ಹೋಗದಂತೆ ನೋಡಿಕೊಂಡು, ಒದ್ದೆ ಬಟ್ಟೆಯಿಂದ ಮೈಯನ್ನು ತಂಪಾಗಿಟ್ಟು, ಜನ ಗುಂಪುಗೂಡದಂತೆ ತಡೆದು, ಕೂಡಲೇ ಅರಣ್ಯ ಇಲಾಖೆಗೆ ತಿಳಿಸಬೇಕು. ರಾಜ್ಯ ಅರಣ್ಯ ಇಲಾಖೆಯ ಸಹಾಯವಾಣಿ 1926; ದೋಣಿ ಅಪಾಯಕ್ಕೆ ಸಿಕ್ಕಿದಾಗ ಕರೆಯಬೇಕಾದದ್ದು ಕರಾವಳಿ ಕಾವಲು ಪೊಲೀಸರ 1093 ಮತ್ತು ಕರಾವಳಿ ರಕ್ಷಣಾ ಪಡೆಯ 1554. ಈ ಮೂರು ಸಂಖ್ಯೆಗಳನ್ನು ಊರು ಬಿಡುವ ಮುನ್ನವೇ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಬೇಕು.